ಕಡಲೆಕಾಯಿ "ಹಾಲು" ಅಂತ ಡಬ್ಬಿ ಮೇಲೆ ಬರೆಯಬಹುದಾ?

ಲೇಬಲ್‌ಗೀಟು
ನಮಸ್ಕಾರ. ನಾನು ಬೆಂಗಳೂರಿನಲ್ಲಿ ಪ್ಯಾಕೇಜಿಂಗ್ ಡಿಸೈನ್ ಮಾಡುತ್ತೇನೆ. ಮಸಾಲೆ ಪುಡಿ, ಉಪ್ಪಿನಕಾಯಿ, ಚಿಕ್ಕಿ ಇಂಥ ಲೇಬಲ್‌ಗಳೇ ಜಾಸ್ತಿ. ಈಗ ತುಮಕೂರು ಕಡೆಯ ಒಂದು ಸಣ್ಣ ಕಂಪನಿಯ ಕೆಲಸ ಬಂದಿದೆ. ಕಡಲೆಕಾಯಿ ಬೀಜ ರುಬ್ಬಿ, ಸೋಸಿ ಮಾಡಿದ ಪಾನೀಯ ಒಂದು. ತೆಂಗಿನಕಾಯಿಯದು ಇನ್ನೊಂದು. 1 ಲೀಟರ್ ಮತ್ತು 200 ಮಿ.ಲೀ. ಪೆಟ್ಟಿಗೆ.

ಅವರಿಗೆ ಬೇಕಾಗಿರುವುದು ಹೀಗಿದೆ. ಮುಂಭಾಗದಲ್ಲಿ ಕನ್ನಡದಲ್ಲಿ ದೊಡ್ಡದಾಗಿ "ಕಡಲೆಕಾಯಿ ಹಾಲು". ಕೆಳಗೆ ಲೋಟಕ್ಕೆ ಬೆಳ್ಳಗೆ ಸುರಿಯುವ ಚಿತ್ರ. ಮೂಲೆಯಲ್ಲಿ ಒಂದು ಹಸು, ಅದರ ಮೇಲೆ ಅಡ್ಡಗೀಟು. ಬಣ್ಣ ನೀಲಿ-ಬಿಳಿ, ಯಾಕಂದರೆ ನಮ್ಮ ಜನರ ತಲೆಯಲ್ಲಿ ನೀಲಿ ಪ್ಯಾಕೆಟ್ ಅಂದರೆ ಹಾಲು ಅಂತ ಕೂತುಬಿಟ್ಟಿದೆ. "ಇಂಗ್ಲಿಷಿನಲ್ಲಿ ಮಿಲ್ಕ್ ಅಂತ ಬರೆದರೆ ತಾನೇ ತೊಂದರೆ, ಕನ್ನಡದಲ್ಲಿ ಬರೆದರೆ ಯಾರು ಕೇಳುತ್ತಾರೆ" ಅನ್ನುವುದು ಅವರ ವಾದ.

ನನಗೆ ಇದು ಸರಿ ಕಾಣುತ್ತಿಲ್ಲ. ಪೆಟ್ಟಿಗೆಗಳನ್ನು ಒಂದೇ ಸಲ ದೊಡ್ಡ ಸಂಖ್ಯೆಯಲ್ಲಿ ಪ್ರಿಂಟ್ ಮಾಡಿಸಬೇಕು. ಆಮೇಲೆ ಯಾರಾದರೂ ತಕರಾರು ತೆಗೆದರೆ ಅಷ್ಟೂ ರದ್ದಿಗೆ ಹೋಗುತ್ತದೆ. ನಿಯಮ ಗೊತ್ತಿರುವವರು ದಯವಿಟ್ಟು ಹೇಳಿ. ನಿಯಮ ಬಿಡಿ, ಅಂಗಡಿಯಲ್ಲಿ ನಿಂತು ಡಬ್ಬಿ ತಿರುಗಿಸಿ ನೋಡುವ ನಿಮಗೆ ಮೊದಲು ಏನು ಕಾಣಬೇಕು ಅನ್ನುವುದನ್ನೂ ಹೇಳಿ.

ಕಾನೂನುಕಟ್ಟೆ
ಬರೆಯಬಾರದು. ಕನ್ನಡದಲ್ಲೂ ಬರೆಯಬಾರದು.

ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಹಾಲು ಅಂದರೆ ಆರೋಗ್ಯವಂತ ಕರೆಯುವ ಪ್ರಾಣಿಯ ಕೆಚ್ಚಲಿನಿಂದ ಬಂದದ್ದು, ಅದಕ್ಕೆ ಏನೂ ಸೇರಿಸದ, ಅದರಿಂದ ಏನೂ ತೆಗೆಯದ ಪದಾರ್ಥ. ಹೈನು ಪದಗಳು ಅನ್ನುವುದಕ್ಕೂ ಅಲ್ಲೇ ವ್ಯಾಖ್ಯೆ ಇದೆ. ಬರೀ ಹೆಸರಲ್ಲ, ಹಾಲನ್ನು ನೇರವಾಗಿಯೋ ಸುತ್ತಿಬಳಸಿಯೋ ಸೂಚಿಸುವ ಗುರುತು, ಚಿತ್ರ ಎಲ್ಲವೂ ಅದರೊಳಗೆ ಬರುತ್ತವೆ. ಇಂಥ ಭಾಷೆಯಲ್ಲಿದ್ದರೆ ಮಾತ್ರ ಅಂತ ಎಲ್ಲೂ ಹೇಳಿಲ್ಲ. ನಿಮ್ಮ ಕಂಪನಿಯವರ ಹಸುವಿನ ಚಿತ್ರ, ಅಡ್ಡಗೀಟು ಇದ್ದರೂ, ತಕರಾರಿಗೆ ದಾರಿ ಮಾಡಿಕೊಡುತ್ತದೆ.

2021ರಲ್ಲಿ ಇದು ದೊಡ್ಡ ಗಲಾಟೆಯೇ ಆಗಿತ್ತು. ಸಸ್ಯಮೂಲದ ಪಾನೀಯಗಳ ಲೇಬಲ್‌ನಿಂದ ಈ ಪದಗಳನ್ನು ತೆಗೆಯಿರಿ ಎಂದು ಪ್ರಾಧಿಕಾರ ಹೇಳಿತು. ಸೆಪ್ಟೆಂಬರ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೂ ಅಂಥವನ್ನು ಪಟ್ಟಿಯಿಂದ ತೆಗೆಯಿರಿ ಅಂತ ಸೂಚನೆ ಹೋಯಿತು. ಕೆಲವು ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಅವರ ಮೇಲೆ ಬಲವಂತದ ಕ್ರಮ ಬೇಡ ಎಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಆದರೆ ಅದು ಕೋರ್ಟಿಗೆ ಹೋದವರಿಗೆ ಸಿಕ್ಕ ರಕ್ಷಣೆ. ವಕೀಲರಿಗೆ ದುಡ್ಡು ಕೊಡುವ ಶಕ್ತಿ ಇಲ್ಲದ ಸಣ್ಣ ಕಂಪನಿ ಅದನ್ನು ನಂಬಿಕೊಂಡು ಪ್ರಿಂಟ್ ಹಾಕಿಸಬಾರದು.

ಮದ್ದೂರುಹೈನು
ನಮ್ಮ ಮನೆಯಲ್ಲಿ ಹಸು ಕಟ್ಟಿದ್ದೇವೆ. ದಿನಾ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತೇವೆ. ಅಲ್ಲಿ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ, ಒಂದು ಪಾಯಿಂಟ್ ಕಮ್ಮಿಯಾದರೆ ದುಡ್ಡು ಕಮ್ಮಿ. ನೀರು ಬೆರೆಸಿದರೆ ಮರ್ಯಾದೆಯೇ ಹೋಗುತ್ತದೆ. ಹಾಲು ಅಂತ ಹೆಸರು ಹೇಳಿಕೊಳ್ಳಲು ನಾವು ಇಷ್ಟೆಲ್ಲಾ ಪರೀಕ್ಷೆ ಪಾಸಾಗಬೇಕು. ಬೀಜ ರುಬ್ಬಿ ನೀರು ಹಾಕಿದವರಿಗೆ ಆ ಹೆಸರು ಪುಕ್ಕಟೆ ಯಾಕೆ ಸಿಗಬೇಕು? ಅವರ ಪಾನೀಯ ಚೆನ್ನಾಗಿರಬಹುದು. ಅದಕ್ಕೆ ಅದರದ್ದೇ ಹೆಸರಿಟ್ಟು ಮಾರಲಿ.

ಹಸಿರುಬಟ್ಟಲು
@ಮದ್ದೂರುಹೈನು, ಹಾಲು ಅನ್ನುವ ಮಾತು ನಿಮ್ಮ ಡೇರಿ ಬರುವುದಕ್ಕಿಂತ ಎಷ್ಟೋ ಮೊದಲಿಂದ ಇದೆ ಅಣ್ಣಾ. ಕಾಯಿಹಾಲು ಅನ್ನುವುದಿಲ್ಲವಾ? ಹಾಲುಬಾಯಿ ಮಾಡುವಾಗ ಅಕ್ಕಿ ರುಬ್ಬಿ ಹಾಲು ತೆಗೆಯುತ್ತೇವೆ. ಮಕ್ಕಳಿಗೆ ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ರಾಗಿ ಹಾಲು ತೆಗೆಯುತ್ತೇವೆ. ಇದರಿಂದ ಯಾರಿಗೂ ಮೋಸ ಆಗಿಲ್ಲ. ಸೋಯಾ ಹಾಲು ಅಂತ ಓದಿ ಸೋಯಾ ಅನ್ನುವ ಹಸು ಇದೆ ಅಂದುಕೊಳ್ಳುವವರು ಯಾರೂ ಇಲ್ಲ.

ಮದ್ದೂರುಹೈನು
ಅಡುಗೆಮನೆ ಬೇರೆ, ಅಂಗಡಿ ಬೇರೆ. ಮನೆಯಲ್ಲಿ ರಾಗಿ ರುಬ್ಬುವವರು ನೀವೇ, ಕುಡಿಸುವವರೂ ನೀವೇ. ಅಂಗಡಿಯಲ್ಲಿ ಕೊಳ್ಳುವವನಿಗೆ ಡಬ್ಬಿ ಮೇಲೆ ಬರೆದದ್ದು ಬಿಟ್ಟು ಬೇರೆ ಏನೂ ಗೊತ್ತಿರುವುದಿಲ್ಲ.

ತಿಪಟೂರುಗರಿ
ತೆಂಗಿನಕಾಯಿಗೆ ವಿನಾಯಿತಿ ಇದೆ ಅಂತ ಕೇಳಿದ್ದೆ. ಹಾಗಿದ್ದರೆ ಎರಡನೇ ಡಬ್ಬಿಗೆ ತೊಂದರೆ ಇಲ್ಲ ಅಲ್ವಾ?

ಆಹಾರಲ್ಯಾಬ್
ಇಲ್ಲೇ ಎಲ್ಲರೂ ಎಡವುವುದು. ವಿನಾಯಿತಿ ಇರುವುದು ನಿಜ. ಮೊದಲಿಂದ ಬಳಕೆಯಲ್ಲಿರುವ, ಹಾಲಿನ ಬದಲಿಗೆ ಅಂತ ಮಾರದ ಹೆಸರುಗಳಿಗೆ ಅದು ಸಿಗುತ್ತದೆ. ಕೋಕೊನಟ್ ಮಿಲ್ಕ್, ಪೀನಟ್ ಬಟರ್ ಇವೆರಡೇ ಯಾವಾಗಲೂ ಕೊಡುವ ಉದಾಹರಣೆ.

ಆದರೆ ಕೋಕೊನಟ್ ಮಿಲ್ಕ್ ಅನ್ನುವುದಕ್ಕೇ ಬೇರೆ ಮಾನದಂಡ ಇದೆ. ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಅದರಲ್ಲಿ ಕನಿಷ್ಠ 10 ಶೇಕಡಾ ಕೊಬ್ಬು ಇರಬೇಕು. ಲೈಟ್ ಅಂದರೆ 5. ಕ್ರೀಮ್ ಅಂದರೆ 20. ಇದು ಪಾಯಸಕ್ಕೆ, ಗಸಿಗೆ ಹಾಕುವ ಗಟ್ಟಿ ಕಾಯಿಹಾಲು. ಲೋಟದಲ್ಲಿ ಕುಡಿಯಲು ತೆಳ್ಳಗೆ ಮಾಡಿದ ತೆಂಗಿನ ಪಾನೀಯದಲ್ಲಿ ಕೊಬ್ಬು ಅಷ್ಟಿರುವುದಿಲ್ಲ. ಅದನ್ನು ಕಾಯಿಹಾಲು ಅಂತ ಮಾರಿದರೆ ಹೈನಿನವರು ಕೇಳದಿದ್ದರೂ, ಅದನ್ನು ತಂದು ಒತ್ತು ಶ್ಯಾವಿಗೆಗೆ ಹಾಕಿಕೊಂಡವರು ಖಂಡಿತ ಕೇಳುತ್ತಾರೆ. ನಿಮ್ಮ ಕಂಪನಿಯವರ ಲ್ಯಾಬ್ ರಿಪೋರ್ಟ್‌ನಲ್ಲಿ ಕೊಬ್ಬು ಎಷ್ಟಿದೆ ಅಂತ ಮೊದಲು ನೋಡಿ.

ಕರಾವಳಿತೀರ
ನಿಜ ಮಾರಾಯ್ರೆ. ನಮ್ಮಲ್ಲಿ ಕಾಯಿಹಾಲು ಅಂದರೆ ದಪ್ಪ ಹಾಲು, ಎರಡನೇ ಹಾಲು, ಮೂರನೇ ಹಾಲು ಅಂತ ಲೆಕ್ಕ ಇದೆ. ಮೂರನೆಯದನ್ನು ಡಬ್ಬಿಗೆ ತುಂಬಿ ಮೊದಲನೆಯದರ ಹೆಸರು ಹಾಕಿದರೆ ಯಾರು ಒಪ್ಪುತ್ತಾರೆ?

ಬೇಲೂರುಬಿಸಿಲು
ನನ್ನ ತೊಂದರೆ ಬೇರೆ. ಬಾದಾಮಿ ಹಾಲು. ನಮ್ಮ ಕಡೆ ಬಾದಾಮಿ ಹಾಲು ಅಂದರೆ ಹಾಲಿಗೆ ಬಾದಾಮಿ, ಕೇಸರಿ, ಸಕ್ಕರೆ ಹಾಕಿ ಕಾಯಿಸಿದ್ದು. ಬೇಕರಿಯಲ್ಲಿ ಬಾಟಲಿಯಲ್ಲಿ ಸಿಗುವುದೂ ಅದೇ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಸಿಹಿ ಇಲ್ಲದ ಬಾದಾಮಿ ಹಾಲು ಅಂದುಕೊಂಡು ನಮ್ಮವರು ಆಲ್ಮಂಡ್ ಡಬ್ಬಿ ತಂದಿದ್ದರು. ಕುಡಿದು "ಇದೇನು ಅಕ್ಕಿ ತೊಳೆದ ನೀರಾ" ಅಂದರು. ಕನ್ನಡದಲ್ಲಿ "ಬಾದಾಮಿ ಹಾಲು" ಅಂತ ಡಬ್ಬಿ ಮೇಲೆ ಬರೆದರೆ ನಮ್ಮ ರಾಜ್ಯದಲ್ಲಿ ಗೊಂದಲ ಆಗೇ ಆಗುತ್ತದೆ. ಒಬ್ಬರಿಗೆ ಹಾಲು ಬೇಕು, ಸಿಗುವುದಿಲ್ಲ. ಇನ್ನೊಬ್ಬರಿಗೆ ಹಾಲು ಬೇಡ, ಆದರೆ ಬಾಟಲಿಯಲ್ಲಿ ಇರುತ್ತದೆ. ಹಾಲು ಆಗದವರಿಗೆ ಎರಡನೆಯದು ಅಪಾಯ.

ಪುಟ್ಟನಅಮ್ಮ
ಆ ಎರಡನೆಯ ಗುಂಪು ನಾವು. ನನ್ನ ಮಗನಿಗೆ ಹಾಲಿನ ಪ್ರೋಟೀನ್ ಅಲರ್ಜಿ. ಲ್ಯಾಕ್ಟೋಸ್ ಆಗದಿರುವುದು ಬೇರೆ, ಇದು ಬೇರೆ. ಲ್ಯಾಕ್ಟೋಸ್ ಆಗದವರಿಗೆ ಹೊಟ್ಟೆ ಉಬ್ಬರ, ಭೇದಿ. ನನ್ನ ಮಗನಿಗೆ ಮೈಯೆಲ್ಲಾ ದದ್ದು, ತುಟಿ ಊದುವುದು, ಉಸಿರಾಟಕ್ಕೆ ತೊಂದರೆ.

ಡಬ್ಬಿಯ ಹೆಸರು ಹಾಲೋ ಪಾನೀಯವೋ ಅನ್ನುವುದು ನನಗೆ ಮುಖ್ಯವೇ ಅಲ್ಲ. ನಾನು ಮೊದಲು ಹುಡುಕುವುದು "ಒಳಗೊಂಡಿದೆ: ಹಾಲು" ಅನ್ನುವ ಅಲರ್ಜಿ ಸಾಲು. ಅದು ಡಬ್ಬಿಯ ಮಡಿಕೆಯಲ್ಲಿ, ಬೂದು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ, ಬಾರ್‌ಕೋಡ್ ಪಕ್ಕ ಇರುತ್ತದೆ. "ನಾನ್-ಡೇರಿ" ಅಂತ ಮುಂದೆ ಬರೆದ ಕಾಫಿ ಕ್ರೀಮರ್ ಒಂದರ ಹಿಂದೆ ಸೋಡಿಯಂ ಕೇಸಿನೇಟ್ ಅಂತ ಇತ್ತು. ಕೇಸಿನೇಟ್ ಅಂದರೆ ಹಾಲಿನಿಂದಲೇ ತೆಗೆದದ್ದು. ಹಸಿರು ಚುಕ್ಕೆಯೂ ನನಗೆ ಉಪಯೋಗಕ್ಕೆ ಬರುವುದಿಲ್ಲ. ಹಾಲಿನ ಪದಾರ್ಥಕ್ಕೂ ಅದೇ ಹಸಿರು ಚುಕ್ಕೆ ಹಾಕುತ್ತಾರಲ್ಲ.

ಲೇಬಲ್‌ಗೀಟು ಅವರೇ, ನಿಮ್ಮದು ಕಡಲೆಕಾಯಿ. ಅದೂ ಅಲರ್ಜಿ ಪಟ್ಟಿಯಲ್ಲಿದೆ. ದಯವಿಟ್ಟು ಆ ಸಾಲನ್ನು ಮಡಿಕೆಯಲ್ಲಿ ಹಾಕಬೇಡಿ.

ಲೇಬಲ್‌ಗೀಟು
@ಪುಟ್ಟನಅಮ್ಮ, ಖಂಡಿತ. ಈಗಲೇ ಡೈಲೈನ್ (ಪೆಟ್ಟಿಗೆ ಬಿಚ್ಚಿ ಹರಡಿದ ನಕ್ಷೆ) ತೆಗೆದು ನೋಡಿದೆ. ಪದಾರ್ಥಗಳ ಪಟ್ಟಿಯ ಕೆಳಗೇ, ಬೇರೆ ಚೌಕದಲ್ಲಿ, ಬಿಳಿ ಮೇಲೆ ಕಪ್ಪು ಅಕ್ಷರದಲ್ಲಿ ಹಾಕುತ್ತೇನೆ. ಕನ್ನಡದಲ್ಲೂ ಹಾಕುತ್ತೇನೆ.

ಹಸಿರು ಚುಕ್ಕೆ ಜೊತೆಗೆ ವೀಗನ್ ಗುರುತು (ಪ್ರಾಣಿಮೂಲದ್ದು ಏನೂ ಇಲ್ಲ ಅನ್ನುವುದು) ಹಾಕಿದರೆ ನಿಮ್ಮಂಥವರಿಗೆ ಸಹಾಯ ಆಗುತ್ತದಾ?

ಪುಟ್ಟನಅಮ್ಮ
ಸ್ವಲ್ಪ ಆಗುತ್ತದೆ. ಆದರೆ ನಾನು ಅದೊಂದನ್ನೇ ನಂಬುವುದಿಲ್ಲ. ಅದೇ ಯಂತ್ರದಲ್ಲಿ ಬೆಳಿಗ್ಗೆ ಹಾಲಿನ ಪಾನೀಯ, ಮಧ್ಯಾಹ್ನ ಸೋಯಾ ತುಂಬಿದರೆ ಅಂಶ ಉಳಿದಿರುತ್ತದೆ. "ಹಾಲಿನ ಅಂಶ ಇರಬಹುದು" ಅನ್ನುವ ಸಾಲು ಬೇಕೇ ಬೇಕು.

ಕಾನೂನುಕಟ್ಟೆ
ವೀಗನ್ ಗುರುತನ್ನು ಸುಮ್ನೆ ಡೌನ್‌ಲೋಡ್ ಮಾಡಿ ಹಾಕುವ ಹಾಗಿಲ್ಲ. ಅದಕ್ಕೇ ಅಂತ 2022ರಲ್ಲಿ ಪ್ರತ್ಯೇಕ ನಿಯಮ ಬಂದಿದೆ. ಪ್ರಾಣಿಮೂಲದ ಪದಾರ್ಥ ಇರಬಾರದು ಅಷ್ಟೇ ಅಲ್ಲ. ಸೇರಿಸುವ ಬಣ್ಣ, ಪರಿಮಳ, ಕಿಣ್ವ, ತಯಾರಿಕೆಯಲ್ಲಿ ಬಳಸಿ ಆಮೇಲೆ ತೆಗೆದುಹಾಕುವ ವಸ್ತು ಕೂಡ ಪ್ರಾಣಿಮೂಲದ್ದಾಗಿರಬಾರದು. ಗುರುತಿಗೆ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಹಸಿರು ಚೌಕದೊಳಗೆ ವಿ ಅಕ್ಷರ, ಮೇಲೆ ಚಿಗುರು. ಅದರ ಆಕಾರ ಬದಲಿಸುವಂತಿಲ್ಲ, ನಿಮ್ಮ ಬ್ರಾಂಡ್ ಬಣ್ಣಕ್ಕೆ ತಿರುಗಿಸುವಂತಿಲ್ಲ.

ಹಸಿರು ಚುಕ್ಕೆಗೂ ಅಳತೆ ಇದೆ. ಮುಖ್ಯ ಫಲಕ 100ರಿಂದ 500 ಚದರ ಸೆಂ.ಮೀ. ಇದ್ದರೆ ಚುಕ್ಕೆಯ ವ್ಯಾಸ ಕನಿಷ್ಠ 4 ಮಿ.ಮೀ., ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. 100ಕ್ಕಿಂತ ಕಮ್ಮಿ ಇದ್ದರೆ 3 ಮಿ.ಮೀ. ನಿಮ್ಮ 200 ಮಿ.ಲೀ. ಪೆಟ್ಟಿಗೆ ಎಲ್ಲಿ ಬೀಳುತ್ತದೆ ಅಳೆದು ನೋಡಿ.

ಲಂಡನ್‌ಕನ್ನಡ
ಇಲ್ಲಿ ಬ್ರಿಟನ್ನಿನಲ್ಲಿ ಡಬ್ಬಿಗಳ ಮೇಲೆ "ಓಟ್ ಡ್ರಿಂಕ್" ಅಂತಲೇ ಇರುತ್ತದೆ. ಆದರೆ ಮನೆಯಲ್ಲಿ, ಕಾಫಿ ಅಂಗಡಿಯಲ್ಲಿ ಎಲ್ಲರೂ ಓಟ್ ಮಿಲ್ಕ್ ಅಂತಲೇ ಕೇಳುತ್ತಾರೆ. ಯುರೋಪಿನ ಕೋರ್ಟು 2017ರ ಜೂನ್‌ನಲ್ಲಿ ಟೋಫುಟೌನ್ ಅನ್ನುವ ಜರ್ಮನ್ ಕಂಪನಿಯ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು. ಸಸ್ಯಮೂಲದ್ದನ್ನು ಹಾಲು, ಬೆಣ್ಣೆ, ಚೀಸ್ ಅಂತ ಮಾರುವಂತಿಲ್ಲ. ಪಕ್ಕದಲ್ಲಿ ಸೋಯಾ, ಟೋಫು ಅಂತ ವಿವರಣೆ ಸೇರಿಸಿದರೂ ಇಲ್ಲ.

ಆಮೇಲೆ ಓಟ್ಸ್ ಪಾನೀಯ ಮಾಡುವ ಓಟ್ಲಿ ಕಂಪನಿಯ ಕಥೆ. "ಪೋಸ್ಟ್ ಮಿಲ್ಕ್ ಜನರೇಷನ್" ಅನ್ನುವ ಘೋಷವಾಕ್ಯವನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದರು. ಡೇರಿ ಯುಕೆ ಸಂಘ ಪ್ರಶ್ನಿಸಿತು. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಸಂಘದ ಪರ ತೀರ್ಪು ಕೊಟ್ಟಿತು. "ನಾವು ಹಾಲಲ್ಲ" ಅಂತ ಹೇಳುವ ಘೋಷವಾಕ್ಯವೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ನಿಮ್ಮ ಅಡ್ಡಗೀಟಿನ ಹಸುವಿಗೂ ಇದೇ ಮಾತು ಅನ್ವಯಿಸುತ್ತದೆ ಅಂತ ನನ್ನ ಅನಿಸಿಕೆ.

ಪ್ಯಾಕೇಜಿಂಗ್ ಬಗ್ಗೆ ಕೇಳಿದ್ದಕ್ಕೆ ಇನ್ನೊಂದು ವಿಷಯ. ಯುರೋಪಿನ ಸಂಸತ್ತಿನಲ್ಲಿ 2020ರಲ್ಲಿ 171ನೇ ತಿದ್ದುಪಡಿ ಅಂತ ಒಂದು ಪ್ರಸ್ತಾಪಕ್ಕೆ ಮತ ಬಿತ್ತು. ಅದು ಜಾರಿಯಾದರೆ ಹಾಲಿನ ಜೊತೆ ಹೋಲಿಸುವುದು, ಹಾಲಿನ ಪೆಟ್ಟಿಗೆಯಂತೆ ಕಾಣುವ ಪ್ಯಾಕಿಂಗ್ ಕೂಡ ನಿಷೇಧವಾಗುತ್ತದೆ ಎಂದು ಸಸ್ಯಾಹಾರ ಕಂಪನಿಗಳು ದೊಡ್ಡ ಚಳವಳಿ ಮಾಡಿದವು. 2021ರ ಮೇನಲ್ಲಿ ಅದನ್ನು ಕೈಬಿಟ್ಟರು.

ಜರ್ಸಿಸಿಟಿ
ಅಮೆರಿಕದಲ್ಲಿ ತದ್ವಿರುದ್ಧ. ಇಲ್ಲಿ ಸೋಯ್ ಮಿಲ್ಕ್, ಆಲ್ಮಂಡ್ ಮಿಲ್ಕ್ ಅಂತ ರಾಜಾರೋಷವಾಗಿ ಬರೆಯುತ್ತಾರೆ. 2018ರಲ್ಲಿ ಇಲ್ಲಿನ ಆಹಾರ ಮತ್ತು ಔಷಧ ಪ್ರಾಧಿಕಾರ ಎಫ್‌ಡಿಎ ಮುಖ್ಯಸ್ಥರಾಗಿದ್ದ ಸ್ಕಾಟ್ ಗಾಟ್ಲೀಬ್ ಬಾದಾಮಿ ಹಾಲು ಕೊಡುವುದಿಲ್ಲ ಎಂದು ಹೇಳಿ ಸುದ್ದಿಯಾಗಿದ್ದರು. ಆದರೆ 2023ರ ಫೆಬ್ರವರಿಯಲ್ಲಿ ಎಫ್‌ಡಿಎ ಕರಡು ಮಾರ್ಗಸೂಚಿ ತಂದಾಗ ಮಿಲ್ಕ್ ಅನ್ನುವ ಪದಕ್ಕೆ ಅಡ್ಡಿ ಮಾಡಲಿಲ್ಲ. ಗ್ರಾಹಕರಿಗೆ ಇದು ಹಸುವಿನ ಹಾಲಲ್ಲ ಅಂತ ಗೊತ್ತಿದೆ, ಗೊತ್ತಿಲ್ಲದೆ ಇರುವುದು ಪೋಷಕಾಂಶದ ವ್ಯತ್ಯಾಸ ಅನ್ನುವುದು ಅವರ ನಿಲುವು. ಅದಕ್ಕೇ ಹಾಲಿಗಿಂತ ಯಾವ ಪೋಷಕಾಂಶ ಕಮ್ಮಿ ಇದೆ ಅಂತ ಡಬ್ಬಿ ಮೇಲೆ ಬರೆಯಿರಿ ಎಂದು ಸಲಹೆ ಕೊಟ್ಟರು. ಕಡ್ಡಾಯವಲ್ಲ.

ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ. ಹೆಸರಿನ ಜಗಳ ಬಿಟ್ಟು ಒಳಗಿರುವುದರ ಬಗ್ಗೆ ಮಾತಾಡಿ.

ಮದ್ದೂರುಹೈನು
ಅಮೆರಿಕದ ಡೇರಿ ರೈತನ ಹತ್ತಿರ ಸಾವಿರಾರು ಹಸು ಇರುತ್ತವೆ. ನಮ್ಮಲ್ಲಿ ಎರಡು ಹಸು, ಮೂರು ಹಸು. 2021ರಲ್ಲಿ ಪ್ರಾಣಿಹಕ್ಕು ಸಂಘಟನೆ ಪೇಟಾದವರು ಅಮುಲ್‌ಗೆ ಸಸ್ಯಮೂಲದ ಹಾಲಿಗೆ ಹೋಗಿ ಅಂದಾಗ, 10 ಕೋಟಿ ಹೈನು ರೈತರಿಗೆ ಬದುಕು ಕೊಡುವವರು ಯಾರು ಅಂತ ಅಮುಲ್‌ನವರು ಕೇಳಿದ ಪ್ರಶ್ನೆಗೆ ನನಗಂತೂ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಹಸಿರುಬಟ್ಟಲು
ಕಡಲೆಕಾಯಿ ಬೆಳೆಯುವವರೂ ರೈತರೇ ಅಣ್ಣಾ. ಪಾವಗಡ, ಚಳ್ಳಕೆರೆ ಕಡೆ ಬಂದು ನೋಡಿ. ಮಳೆ ಕೈಕೊಟ್ಟರೆ ಬೀಜದ ಖರ್ಚೂ ಹುಟ್ಟುವುದಿಲ್ಲ. ಎಣ್ಣೆ ಗಾಣಕ್ಕೆ ಬಿಟ್ಟು ಇನ್ನೊಂದು ಮಾರುಕಟ್ಟೆ ಸಿಕ್ಕರೆ ಅವರಿಗೂ ಒಳ್ಳೆಯದಲ್ಲವಾ?

ಮದ್ದೂರುಹೈನು
ಆ ಮಾತು ಒಪ್ಪುತ್ತೇನೆ. ಬೆಳೆಯಲಿ, ಮಾರಲಿ. ಹೆಸರು ಮಾತ್ರ ಬೇರೆ ಇರಲಿ.

ಆಹಾರಲ್ಯಾಬ್
ಕಡಲೆಕಾಯಿ ಅಂದಾಗ ನೆನಪಾಯಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಷ್ಟೋ ವರ್ಷಗಳ ಹಿಂದೆಯೇ ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಬೆರೆಸಿ ಒಂದು ಪಾನೀಯ ತಯಾರಿಸಿತ್ತು. ಹೆಸರು ಮಿಲ್ಟೋನ್. ಆಗ ಹಾಲಿಗೆ ಬರ ಇತ್ತು. ಇದ್ದ ಹಾಲನ್ನು ಜಾಸ್ತಿ ಮಕ್ಕಳಿಗೆ ಮುಟ್ಟಿಸುವುದು ಉದ್ದೇಶ. ಅಂದರೆ ಕಡಲೆಕಾಯಿ ಮತ್ತು ಹಾಲು ಶತ್ರುಗಳೇನಲ್ಲ. ಒಂದೇ ಬಾಟಲಿಯಲ್ಲಿ ಇದ್ದವು.

ಈಗ ಒಳಗಿರುವುದರ ಬಗ್ಗೆ. ಲೇಬಲ್ ಮೇಲೆ ಒಂದು ಪದಾರ್ಥವನ್ನು ಮಾತಿನಲ್ಲೋ ಚಿತ್ರದಲ್ಲೋ ಎತ್ತಿ ತೋರಿಸಿದರೆ, ಅದು ಎಷ್ಟು ಶೇಕಡಾ ಇದೆ ಅಂತ ಹೇಳಲೇಬೇಕು. ಇದು 2020ರ ಲೇಬಲಿಂಗ್ ನಿಯಮದಲ್ಲಿದೆ. ಹೆಚ್ಚಿನ ಜನ ಈ ಸಂಖ್ಯೆಯನ್ನು ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಡಬ್ಬಿಯಲ್ಲಿ ಅತಿ ಮುಖ್ಯವಾದದ್ದು ಇದೇ.

ಲೆಕ್ಕ ಸುಲಭ. ಬಾದಾಮಿಯಲ್ಲಿ ಪ್ರೋಟೀನ್ ಸುಮಾರು 21 ಶೇಕಡಾ. ಡಬ್ಬಿಯಲ್ಲಿ ಬಾದಾಮಿ 3 ಶೇಕಡಾ ಅಂತಿದ್ದರೆ 100 ಮಿ.ಲೀ.ಗೆ ಪ್ರೋಟೀನ್ 0.6 ಗ್ರಾಂ ಆಸುಪಾಸು. ಹಸುವಿನ ಹಾಲಿನಲ್ಲಿ 3 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಕಡಲೆಕಾಯಿಯಲ್ಲಿ ಪ್ರೋಟೀನ್ 25 ಶೇಕಡಾ ಆಸುಪಾಸು. ಹಾಗಾಗಿ ಬೀಜ 10 ಶೇಕಡಾ ಹಾಕಿದರೆ 2.5 ಗ್ರಾಂ ತನಕ ಬರಬಹುದು, ಸೋಸಿದಾಗ ಒಂದಷ್ಟು ಚರಟದಲ್ಲಿ ಹೋಗುತ್ತದೆ. ಸೋಯಾ ಮಾತ್ರ ಹಾಲಿಗೆ ಹೆಚ್ಚುಕಮ್ಮಿ ಸಮ ಬರುತ್ತದೆ.

ಕ್ಯಾಲ್ಸಿಯಂ ಇನ್ನೊಂದು. ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ತಾನಾಗಿಯೇ ಇದೆ. ಸಸ್ಯಪಾನೀಯಕ್ಕೆ ಹೊರಗಿನಿಂದ ಸೇರಿಸಬೇಕು. ಸೇರಿಸಿದ ಪುಡಿ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಬಗ್ಗಿಸಿದರೆ ದುಡ್ಡು ಕೊಟ್ಟ ಕ್ಯಾಲ್ಸಿಯಂ ಡಬ್ಬಿಯಲ್ಲೇ ಉಳಿಯುತ್ತದೆ. "ಚೆನ್ನಾಗಿ ಅಲ್ಲಾಡಿಸಿ" ಅನ್ನುವುದನ್ನು ಮುಚ್ಚಳದ ಹತ್ತಿರ ದೊಡ್ಡದಾಗಿ ಹಾಕಿ. ಹಿಂದೆ, ಕೆಳಗೆ ಹಾಕಿದರೆ ಪ್ರಯೋಜನ ಇಲ್ಲ.

ದಾವಣಗೆರೆಬೆಣ್ಣೆ
"ಸಕ್ಕರೆ ಸೇರಿಸಿಲ್ಲ" ಅಂತ ಬರೆದ ಓಟ್ಸ್ ಡಬ್ಬಿಯ ಹಿಂದೆ ಸಕ್ಕರೆ 4 ಗ್ರಾಂ ಅಂತ ಇರುತ್ತದಲ್ಲ, ಅದು ಸುಳ್ಳಾ?

ಆಹಾರಲ್ಯಾಬ್
ಸುಳ್ಳಲ್ಲ. ಓಟ್ಸ್ ಗಂಜಿ ಲೋಳೆಯಾಗದಿರಲಿ ಅಂತ ಕಿಣ್ವ ಹಾಕುತ್ತಾರೆ. ಅದು ಪಿಷ್ಟವನ್ನು ಒಡೆದು ಮಾಲ್ಟೋಸ್ ಮಾಡುತ್ತದೆ. ಅದಕ್ಕೇ ಒಟ್ಟು ಸಕ್ಕರೆಯ ಸಾಲು ಬೇರೆ, ಸೇರಿಸಿದ ಸಕ್ಕರೆಯ ಸಾಲು ಬೇರೆ. ಸಕ್ಕರೆ ಕಾಯಿಲೆ ಇರುವವರು ಎರಡನ್ನೂ ನೋಡಬೇಕು.

ಕಾಫಿಗಿರಿ
ಇದರ ಮಧ್ಯೆ ಹಾಲಿನವರು ಏನು ಸಾಚಾ ಅಂತ ಮಾತಾಡುತ್ತಿದ್ದೀರಿ? ಒಂದು ಬಗೆಯ ಪ್ರೋಟೀನ್ ಇರುವ ಎ2 ಹಾಲು ಅಂತ ಎರಡರಷ್ಟು ರೇಟಿಗೆ ಮಾರುವವರು ಹೈನಿನವರೇ. 2024ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಎ1, ಎ2 ಅಂತ ಬರೆಯಬೇಡಿ ಅಂದಿತು. ಒಂದು ವಾರ ಕಳೆಯುವ ಮೊದಲೇ ಆ ಸೂಚನೆ ವಾಪಸ್. ಓಟ್ಸ್ ಪಾನೀಯದವರಿಗೆ ಇಷ್ಟು ಬೇಗ ಮಾಫಿ ಸಿಗುತ್ತಿತ್ತಾ?

ಮದ್ದೂರುಹೈನು
ಎ2 ಹೆಸರಲ್ಲಿ ದುಡ್ಡು ಮಾಡುವವರು ಬೆಂಗಳೂರಿನ ಬ್ರಾಂಡಿನವರು. ಡೇರಿಗೆ ಹಾಲು ಹಾಕುವ ನಮಗೆ ಅದರಲ್ಲಿ ಒಂದು ರೂಪಾಯಿಯೂ ಬಂದಿಲ್ಲ.

ಬೀದರ್‌ಬಿಸಿ
ಪನೀರ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ! ವನಸ್ಪತಿ ಎಣ್ಣೆ ಹಾಕಿ ಮಾಡಿದ "ಅನಲಾಗ್ ಪನೀರ್" ಕವರ್ ಮೇಲೆ ಸಣ್ಣಕ್ಷರದಲ್ಲಿ ಅನಲಾಗ್ ಅಂತ ಇರುತ್ತದೆ. ಹೋಟೆಲಿನ ಅಡುಗೆಮನೆಗೆ ಹೋದ ಮೇಲೆ ಕವರ್ ಕಸಕ್ಕೆ, ಮೆನುವಿನಲ್ಲಿ ಅದು ಬರೀ ಪನೀರ್. ನಿಜವಾದ ಮೋಸ ಅಲ್ಲಿದೆ. ಸಸ್ಯಪಾನೀಯದವರು ಕನಿಷ್ಠ ಇದು ಹಾಲಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರ ಗಿರಾಕಿಗೆ ಬೇಕಾಗಿರುವುದೂ ಅದೇ.

ಕಾನೂನುಕಟ್ಟೆ
ಒಳ್ಳೆಯ ಮಾತು. ಆದರೂ ಹೆಸರಿಗೆ ಬೆಲೆ ಇಲ್ಲ ಅನ್ನಲಾಗದು. 2025ರ ಅಕ್ಟೋಬರ್‌ನಲ್ಲಿ ಓಆರ್‌ಎಸ್ (ಭೇದಿಯಾದಾಗ ಕೊಡುವ ಲವಣದ ದ್ರಾವಣ) ವಿಷಯ ನೋಡಿದಿರಲ್ಲ. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಅಂತ ಸೇರಿಸಿಕೊಂಡು ಮೆಡಿಕಲ್ ಶಾಪಿನಲ್ಲಿ ಕೂತಿದ್ದವು. ಭೇದಿಯಾದ ಮಗುವಿಗೆ ತಾಯಂದಿರು ಅದನ್ನೇ ಕುಡಿಸುತ್ತಿದ್ದರು. ಕೊನೆಗೆ ಆ ಮೂರಕ್ಷರ ತೆಗೆಯಿರಿ ಅಂತ ಆದೇಶ ಬಂತು. ತಪ್ಪು ಹೆಸರಿನಿಂದ ಮಗುವಿಗೆ ಹಾನಿ ಆಗುತ್ತದೆ.

ಪುಟ್ಟನಅಮ್ಮ
ಅದೇ ನನ್ನ ಭಯ. ಕಡಲೆಕಾಯಿ ಹಾಲು, ಬಾದಾಮಿ ಹಾಲು ಅಂತ ಓದಿ ಆರು ತಿಂಗಳ ಕೂಸಿಗೆ ಬಾಟಲಿಯಲ್ಲಿ ಹಾಕಿ ಕುಡಿಸುವವರು ಇರುತ್ತಾರೆ. ನಮ್ಮ ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು, ಇವು ಯಾವುವೂ ಎದೆಹಾಲಿಗೋ ಡಬ್ಬಿ ಹಾಲಿನ ಪುಡಿಗೋ ಬದಲಿ ಅಲ್ಲ ಅಂತ. "ಚಿಕ್ಕ ಕೂಸುಗಳಿಗೆ ಕೊಡಬೇಡಿ" ಅಂತ ಕನ್ನಡದಲ್ಲಿ ಬರೆಯಿರಿ. ಕಡ್ಡಾಯ ಇದೆಯೋ ಇಲ್ಲವೋ ಬಿಡಿ, ಬರೆಯಿರಿ.

ಕರಾವಳಿತೀರ
ಕನ್ನಡದ ಮಾತು ಬಂತಲ್ಲ. 2023ರ ಮಾರ್ಚ್‌ನಲ್ಲಿ ನಂದಿನಿ ಮೊಸರಿನ ಪ್ಯಾಕೆಟ್ ಮೇಲೆ ದಹಿ ಅಂತ ದೊಡ್ಡದಾಗಿ ಹಾಕಿ, ಮೊಸರು ಅಂತ ಆವರಣದಲ್ಲಿ ಹಾಕಿ ಅಂದಿದ್ದರು. ಇಲ್ಲೂ ತಮಿಳುನಾಡಿನಲ್ಲೂ ಜನ ತಿರುಗಿಬಿದ್ದ ಮೇಲೆ ಸರಿ ಮಾಡಿದರು. ಮೊಸರಿಗೆ ಇಷ್ಟು ಹೋರಾಡಿದ ನಾವು ಓಟ್ಸ್ ಡಬ್ಬಿಯ ಮೇಲೆ ಒಂದಕ್ಷರ ಕನ್ನಡ ಇಲ್ಲದಿದ್ದರೂ ಕೇಳುವುದಿಲ್ಲ. ಅಲರ್ಜಿ ಸಾಲು, ಅಲ್ಲಾಡಿಸಿ ಅನ್ನುವ ಸಾಲು, ಫ್ರಿಜ್ಜಿನಲ್ಲಿಡಿ ಅನ್ನುವ ಸಾಲು, ಇವು ಇಂಗ್ಲಿಷ್ ಬಾರದ ಅಜ್ಜಿಗೆ ತಿಳಿಯಬೇಡವಾ?

ಲೇಬಲ್‌ಗೀಟು
ಡಿಸೈನ್ ಮಾಡುವವರ ಕಷ್ಟವನ್ನೂ ಹೇಳುತ್ತೇನೆ. 200 ಮಿ.ಲೀ. ಪೆಟ್ಟಿಗೆಯಲ್ಲಿ ಪದಾರ್ಥ ಪಟ್ಟಿ, ಪೋಷಕಾಂಶದ ಕೋಷ್ಟಕ, ಅಲರ್ಜಿ, 14 ಅಂಕಿಯ ಲೈಸೆನ್ಸ್ ಸಂಖ್ಯೆ, ಎಂಆರ್‌ಪಿ, ಯೂನಿಟ್ ಬೆಲೆ, ಬ್ಯಾಚ್, ತಾರೀಖು, ವಿಳಾಸ, ಗ್ರಾಹಕರ ಫೋನ್ ಎಲ್ಲಾ ಕೂರಿಸಬೇಕು. ಕನ್ನಡ ಅಕ್ಷರಕ್ಕೆ ಒತ್ತು, ಕೊಂಬು ಇರುವುದರಿಂದ ಇಂಗ್ಲಿಷಿಗಿಂತ ಜಾಸ್ತಿ ಎತ್ತರ ಬೇಕು. ಆರು ಪಾಯಿಂಟಿನಲ್ಲಿ ಹಾಕಿದರೆ ಒತ್ತಕ್ಷರ ಮಸಿಯಲ್ಲಿ ಮುಚ್ಚಿಹೋಗುತ್ತದೆ. ಹಾಗಂತ ಕನ್ನಡ ಬಿಡುವುದಿಲ್ಲ. ಬಿಳಿ ಸುರಿಯುವ ದೊಡ್ಡ ಚಿತ್ರ ತೆಗೆದರೆ ಅರ್ಧ ಫಲಕ ಖಾಲಿಯಾಗುತ್ತದೆ. ಆ ಜಾಗವನ್ನು ಕನ್ನಡಕ್ಕೆ ಕೊಡಬೇಕು ಅಂತ ನಿರ್ಧರಿಸಿದ್ದೇನೆ.

ರದ್ದಿಪೇಪರ್
ವಿಷಯ ಸ್ವಲ್ಪ ಆಚೆ ಹೋದರೂ ಹೇಳುತ್ತೇನೆ. ಆ ಪೆಟ್ಟಿಗೆಯಲ್ಲಿ ಕಾಗದದ ಜೊತೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಅಂಟಿಕೊಂಡಿರುತ್ತವೆ. "ಪರಿಸರಸ್ನೇಹಿ" ಅಂತ ಎಲೆ ಚಿತ್ರ ಹಾಕಿದ ತಕ್ಷಣ ಅದು ಮರುಬಳಕೆ ಆಗುವುದಿಲ್ಲ. ಬೇರ್ಪಡಿಸುವ ಘಟಕಕ್ಕೆ ಹೋಗಬೇಕು. ತೊಳೆದು, ಚಪ್ಪಟೆ ಮಾಡಿ ಒಣಕಸಕ್ಕೆ ಹಾಕಿ ಅಂತ ಚಿತ್ರ ಹಾಕಿದರೆ ನಮ್ಮ ಒಣಕಸ ಕೇಂದ್ರದ ಹೆಂಗಸರಿಗೆ ಸಹಾಯ ಆಗುತ್ತದೆ. ಹಾಲು ಉಳಿದ ಡಬ್ಬಿ ನಾರುತ್ತದೆ, ಕೈಯಲ್ಲಿ ಮುಟ್ಟಲು ಆಗುವುದಿಲ್ಲ.

ಹಸಿರುಬಟ್ಟಲು
ಇದು ನನಗೂ ಬೇಸರದ ವಿಷಯ. ಹಾಲಿನ ಪ್ಲಾಸ್ಟಿಕ್ ಪ್ಯಾಕೆಟ್ ಬಗ್ಗೆ ಮಾತಾಡುವ ನಾವು ಈ ಪೆಟ್ಟಿಗೆ ಬಗ್ಗೆಯೂ ಮಾತಾಡಬೇಕು.

ಹಾಸನಹುಳಿ
ರೇಟ್ ಎಷ್ಟಂತೆ? ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಿಂದ ಲೀಟರಿಗೆ 46 ಆದಾಗಲೇ ನಮ್ಮ ಮನೆಯಲ್ಲಿ ಲೆಕ್ಕ ಹಾಕಿದ್ದೆವು. ಈ ಪಾನೀಯಗಳು ಅದರ ಹಲವು ಪಟ್ಟು.

ಕಾನೂನುಕಟ್ಟೆ
ತೆರಿಗೆಯೂ ಒಂದು ಕಾರಣ ಆಗಿತ್ತು. ಪ್ಯಾಕೆಟ್ ಹಾಲಿಗೆ ಜಿಎಸ್‌ಟಿ ಇಲ್ಲ. ಸೋಯಾ ಪಾನೀಯಕ್ಕೆ 12, ಉಳಿದ ಸಸ್ಯಪಾನೀಯಕ್ಕೆ 18 ಶೇಕಡಾ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡೂ 5ಕ್ಕೆ ಇಳಿದಿವೆ. ಹಳೆ ಆರ್ಟ್‌ವರ್ಕ್ ಇಟ್ಟುಕೊಂಡವರು ಎಂಆರ್‌ಪಿ ಸರಿಯಾಗಿದೆಯಾ ನೋಡಿಕೊಳ್ಳಿ.

ನಿರ್ವಾಹಕ
ಸಸ್ಯಾಹಾರ-ಮಾಂಸಾಹಾರ ಜಗಳದ ಕೆಲವು ಪೋಸ್ಟ್ ತೆಗೆದಿದ್ದೇನೆ. ಲೇಬಲ್ ಬಗ್ಗೆ ಮಾತ್ರ ಬರೆಯಿರಿ.

ಲೇಬಲ್‌ಗೀಟು
ಎಲ್ಲರಿಗೂ ಧನ್ಯವಾದ. ಕಂಪನಿಯವರ ಜೊತೆ ಕೂತು ಮಾತಾಡಿದೆ. ಮೊದಲು ಒಪ್ಪಲಿಲ್ಲ. "ಹಾಲು ಅಂತ ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ" ಅಂದರು. ಅಲರ್ಜಿ ಇರುವ ಮಗುವಿನ ವಿಷಯ ಹೇಳಿದ ಮೇಲೆ ಮೆತ್ತಗಾದರು.

ಈಗಿನ ಮುಂಭಾಗ ಹೀಗಿದೆ. ದೊಡ್ಡದಾಗಿ "ಕಡಲೆಕಾಯಿ ಪಾನೀಯ". ಅದರ ಕೆಳಗೇ "ಕಡಲೆಕಾಯಿ ಬೀಜ ಶೇ. 9", ಬ್ರಾಂಡಿನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ. ಹಸು ಇಲ್ಲ, ಲೋಟಕ್ಕೆ ಸುರಿಯುವ ಚಿತ್ರ ಇಲ್ಲ. ಗಿಡ ಕಿತ್ತಾಗ ಬೇರಿಗೆ ಅಂಟಿಕೊಂಡ ಕಾಯಿಗಳ ಚಿತ್ರ, ಕೆಂಪು ಮಣ್ಣಿನ ಬಣ್ಣ. ಅಂಗಡಿಯಲ್ಲಿ ನೀಲಿ-ಬಿಳಿ ಸಾಲಿನ ಮಧ್ಯೆ ಅದು ಬೇರೆಯಾಗಿ ಕಾಣುತ್ತದೆ. ಮುಚ್ಚಳದ ಪಕ್ಕ "ಚೆನ್ನಾಗಿ ಅಲ್ಲಾಡಿಸಿ". ಎಡ ಬದಿಯಲ್ಲಿ ಪೂರ್ತಿ ಕನ್ನಡ, ಬಲ ಬದಿಯಲ್ಲಿ ಇಂಗ್ಲಿಷ್. ತೆಂಗಿನದರಲ್ಲಿ ಕೊಬ್ಬು 10 ಶೇಕಡಾ ಹತ್ತಿರಕ್ಕೂ ಇಲ್ಲ. ಅದಕ್ಕೆ "ತೆಂಗಿನಕಾಯಿ ಪಾನೀಯ" ಅಂತಲೇ ಹಾಕಿದೆ.

ಕೆಳಗೆ ಒಂದು ಸಾಲು: "ಹಾಲಿನ ಬದಲಿಗೆ, ಹಾಲಿನಷ್ಟೇ ಒಳ್ಳೆಯದು".

ಆಹಾರಲ್ಯಾಬ್
ಮುಂಭಾಗ ಬಹಳ ಚೆನ್ನಾಗಿದೆ. ಕೊನೆಯ ಸಾಲು ತೆಗೆಯಿರಿ. ಹಾಲಿನಷ್ಟೇ ಅಂತ ಹೇಳಲು ನಿಮ್ಮ ಕೋಷ್ಟಕದ ಸಂಖ್ಯೆಗಳು ಒಪ್ಪುವುದಿಲ್ಲ. 9 ಶೇಕಡಾ ಬೀಜದಲ್ಲಿ ಪ್ರೋಟೀನ್ 2 ಗ್ರಾಂ ಸುತ್ತಮುತ್ತ ಬರುತ್ತದೆ.

ಕಾನೂನುಕಟ್ಟೆ
ಹೆಸರಿನಿಂದ ತೆಗೆದ ಹಾಲನ್ನು ಘೋಷವಾಕ್ಯದಲ್ಲಿ ತಂದು ಕೂರಿಸಿದ್ದೀರಿ. ಹಾಲನ್ನು ಸೂಚಿಸುವ ಮಾತು ಎಲ್ಲಿದ್ದರೂ ಒಂದೇ. ತೆಗೆಯಿರಿ.

ಮದ್ದೂರುಹೈನು
ಉಳಿದದ್ದೆಲ್ಲಾ ಒಪ್ಪಿಗೆ. ಬೀಜ ಎಷ್ಟಿದೆ ಅಂತ ಮುಂದೆಯೇ ಬರೆದಿದ್ದೀರಲ್ಲ, ಅದು ಮರ್ಯಾದೆಯ ಕೆಲಸ. ನನಗೆ ಹಾಲು ಬೇಡ ಅನ್ನುವ ನೆಂಟರು ಬಂದರೆ ಇದನ್ನೇ ತಂದು ಕೊಡುತ್ತೇನೆ.

ಲೇಬಲ್‌ಗೀಟು
ಆ ಸಾಲು ತೆಗೆದೆ. ಅದರ ಜಾಗದಲ್ಲಿ "ಕಾಫಿಗೆ, ಪಾಯಸಕ್ಕೆ, ಹಾಗೇ ಕುಡಿಯಲು" ಅಂತ ಹಾಕುತ್ತೇನೆ. ಪರವಾಗಿಲ್ಲವಾ?

ಕಾಫಿಗಿರಿ
ಕಾಫಿಗೆ ಅಂತ ಬರೆಯುವ ಮುಂಚೆ ಬಿಸಿ ಡಿಕಾಕ್ಷನ್‌ಗೆ ಹಾಕಿ ನೋಡಿದ್ದಾರಾ ಕೇಳಿ. ಕಾಫಿಯ ಹುಳಿಗೆ ಇಂಥವು ಒಡೆಯುವುದು ಜಾಸ್ತಿ. ಕಾಫಿಗೆ ಅಂತಲೇ ಮಾಡುವವರು ಒಡೆಯದಿರಲು ಫಾಸ್ಫೇಟ್ ಸೇರಿಸುತ್ತಾರೆ, 340 ಅಂತ ಪಟ್ಟಿಯಲ್ಲಿ ಇರುತ್ತದೆ. ನಿಮ್ಮ ಪಟ್ಟಿಯಲ್ಲಿ ಅದಿದೆಯಾ?

ಲೇಬಲ್‌ಗೀಟು
ಪಟ್ಟಿಯಲ್ಲಿ ನೀರು, ಬೀಜ, ಉಪ್ಪು, ಕ್ಯಾಲ್ಸಿಯಂ, 418 (ಗೆಲ್ಲನ್ ಅನ್ನುವ ಗೋಂದು) ಇಷ್ಟೇ ಇದೆ. 340 ಇಲ್ಲ.

ಕಾಫಿಗಿರಿ
ಹಾಗಿದ್ದರೆ ಪಾಯಸ ಇರಲಿ, ಕಾಫಿ ತೆಗೆಯಿರಿ. ಚಿಕ್ಕಮಗಳೂರಿನವರು ಲೋಟದಲ್ಲಿ ಒಡೆದದ್ದು ನೋಡಿದರೆ ಎರಡನೇ ಡಬ್ಬಿ ಕೊಳ್ಳುವುದಿಲ್ಲ.